ರಾಜನನ್ನು ಮಾಡಿದವರು ಯಾರು?

ಕ್ರಿ.ಶ. 1375ರಲ್ಲಿ, ನಲವತ್ತು ದಾಟಿದ ಒಬ್ಬ ವಿದ್ವಾಂಸರು ತಮ್ಮ ಕುಟುಂಬದೊಂದಿಗೆ ಇಂದಿನ ಅಲ್ಜೀರಿಯಾದ ಒಳನಾಡಿನ ಒಂದು ಕೋಟೆಗೆ ಬಂದು ನೆಲೆಸಿದರು. ಕೋಟೆಯ ಹೆಸರು ಕಲ್‌ಅತ್ ಇಬ್ನ್ ಸಲಾಮಾ. ಬಂದವರು ಇಬ್ನ್ ಖಲ್ದೂನ್. ಟ್ಯುನಿಸ್‌ನಲ್ಲಿ 1332ರಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಪ್ಲೇಗಿನ ಮಹಾಮಾರಿಗೆ ತಂದೆತಾಯಿಯನ್ನು ಕಳೆದುಕೊಂಡಿದ್ದರು. ಆಮೇಲೆ ಉತ್ತರ ಆಫ್ರಿಕದ ಒಂದು ಆಸ್ಥಾನದಿಂದ ಇನ್ನೊಂದು ಆಸ್ಥಾನಕ್ಕೆ ಅಲೆದರು. ಫೆಝ್‌ನಲ್ಲಿ ಕಾರ್ಯದರ್ಶಿಯಾದರು, ಅಲ್ಲೇ ಸೆರೆಮನೆಯನ್ನೂ ಕಂಡರು. ಗ್ರನಡಾದ ಸುಲ್ತಾನನ ರಾಯಭಾರಿಯಾಗಿ ಕ್ರೈಸ್ತ ದೊರೆಯ ಬಳಿಗೆ ಸೆವಿಲ್ಲೆಗೆ ಹೋದರು. ತಾವು ಸೇವೆ ಸಲ್ಲಿಸಿದ ಸಿಂಹಾಸನಗಳು ಒಂದರ ಹಿಂದೊಂದು ಅಲುಗಾಡುವುದನ್ನು ಹತ್ತಿರದಿಂದ ಕಂಡವರು ಅವರು. ದರ್ಬಾರಿನ ಸಹವಾಸ ಸಾಕೆನಿಸಿ ಆ ಕೋಟೆಯಲ್ಲಿ ಕುಳಿತಾಗ ಅವರ ಮುಂದಿದ್ದ ಪ್ರಶ್ನೆ ಒಂದೇ. ಪ್ರಭುತ್ವ ಎಂಬುದು ಹುಟ್ಟುವುದು ಹೇಗೆ? ಹುಟ್ಟಿದ್ದು ಸಾಯುವುದೇಕೆ?

1377ರಲ್ಲಿ, ಕೇವಲ ಐದು ತಿಂಗಳಲ್ಲಿ, ಅವರು ಬರೆದು ಮುಗಿಸಿದ ಗ್ರಂಥವೇ ‘ಮುಖದ್ದಿಮಾ’. ತಮ್ಮ ಬೃಹತ್ ಇತಿಹಾಸ ಗ್ರಂಥಕ್ಕೆ ಮುನ್ನುಡಿಯಾಗಿ ಬರೆದದ್ದು ಅದು. ಇಂದು ಜಗತ್ತು ಮೂಲ ಗ್ರಂಥಕ್ಕಿಂತ ಆ ಮುನ್ನುಡಿಯನ್ನೇ ಹೆಚ್ಚು ನೆನೆಯುತ್ತದೆ.

ಪ್ರಭುತ್ವದ ಹುಟ್ಟಿನ ಪ್ರಶ್ನೆ ಮೇಲುನೋಟಕ್ಕೆ ಕಾಲೇಜಿನ ರಾಜ್ಯಶಾಸ್ತ್ರದ ಪರೀಕ್ಷೆಗೆ ಓದಿ ಮರೆಯುವ ಸಂಗತಿಯಂತೆ ಕಾಣುತ್ತದೆ. ದೈವಿಕ ಸಿದ್ಧಾಂತ, ಬಲ ಸಿದ್ಧಾಂತ, ಸಾಮಾಜಿಕ ಒಪ್ಪಂದ ಸಿದ್ಧಾಂತ, ವಿಕಾಸ ಸಿದ್ಧಾಂತ ಎಂದು ನಾಲ್ಕು ಶೀರ್ಷಿಕೆ ಬರೆದು ಐದೈದು ಸಾಲು ತುಂಬಿಸಿದರೆ ಅಂಕ ಬರುತ್ತದೆ. ಆದರೆ ಈ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಪ್ರಭುತ್ವ ಮೊದಲೋ, ಜನ ಮೊದಲೋ? ಪ್ರಭುತ್ವ ದೇವರಿಂದ ಬಂದಿದ್ದರೆ ಅದು ಜನರಿಗೆ ಲೆಕ್ಕ ಕೊಡಬೇಕಿಲ್ಲ. ಕತ್ತಿಯಿಂದ ಬಂದಿದ್ದರೆ ಇನ್ನೂ ಹರಿತವಾದ ಕತ್ತಿ ಬರುವ ತನಕ ಸುಮ್ಮನಿರಬೇಕು. ಜನರ ಒಪ್ಪಿಗೆಯಿಂದ ಬಂದಿದ್ದರೆ ಮಾತ್ರ ಜನ ಅದನ್ನು ನಿಲ್ಲಿಸಿ ಪ್ರಶ್ನಿಸಬಹುದು. ಹಾಗಾಗಿ ಹುಟ್ಟಿನ ಕಥೆಯನ್ನು ಯಾರು, ಯಾವಾಗ, ಯಾರಿಗೆ ಹೇಳಿದರು ಎಂಬುದನ್ನು ನಾವು ಗಮನಿಸಬೇಕಾಗುತ್ತದೆ.

ದೇವರ ನೆರಳು

ಅತ್ಯಂತ ಹಳೆಯ ಉತ್ತರ ದೈವಿಕ ಸಿದ್ಧಾಂತ. ಪ್ರಾಚೀನ ಈಜಿಪ್ಟಿನಲ್ಲಿ ಫರೋಹನೇ ದೇವನೆನಿಸಿದ್ದ. ಚೀನಾದ ಝೌ ಅರಸರು ತಮ್ಮ ಅಧಿಕಾರ ಆಕಾಶದ ಆದೇಶದಿಂದ ಬಂದದ್ದೆಂದರು. ಆದರೆ ಈ ಚೀನೀ ಸಿದ್ಧಾಂತಕ್ಕೆ ಒಂದು ವಿಶೇಷವಿತ್ತು. ಅರಸ ದುಷ್ಟನಾದರೆ ಆಕಾಶ ತನ್ನ ಆದೇಶವನ್ನು ಹಿಂದಕ್ಕೆ ಪಡೆಯುತ್ತದೆ. ಹಿಂದಿನ ಶಾಂಗ್ ವಂಶವನ್ನು ಉರುಳಿಸಿ ಬಂದ ಝೌಗಳಿಗೆ ಇಂಥದೊಂದು ಷರತ್ತು ಬೇಕಾಗಿಯೇ ಇತ್ತು.

ದಿಲ್ಲಿಯಲ್ಲಿ 1266ರಿಂದ 1287ರವರೆಗೆ ಆಳಿದ ಬಲ್ಬನ್ ತನ್ನನ್ನು ಭೂಮಿಯ ಮೇಲಿನ ದೇವರ ನೆರಳೆಂದು ಕರೆದುಕೊಂಡ. ದರ್ಬಾರಿಗೆ ಬಂದವರು ನೆಲಕ್ಕೆ ಹಣೆ ಮುಟ್ಟಿಸಬೇಕು, ಪಾದ ಚುಂಬಿಸಬೇಕು ಎಂಬ ಪದ್ಧತಿ ತಂದ. ತನ್ನ ವಂಶ ಪುರಾತನ ತುರಾನಿನ ಅಫ್ರಾಸಿಯಾಬನದೆಂದು ಹೇಳಿಸಿಕೊಂಡ. ಆದರೆ ಇದೇ ಬಲ್ಬನ್ ಒಂದು ಕಾಲದಲ್ಲಿ ಸುಲ್ತಾನ ಇಲ್ತುತ್ಮಿಶ್ ಕೊಂಡುಕೊಂಡಿದ್ದ ಗುಲಾಮ! ಹೇಳಿಕೊಳ್ಳುವಂಥ ವಂಶವೂ ಇಲ್ಲದ, ಜನರ ಆಯ್ಕೆಯೂ ಇಲ್ಲದ ಅರಸನಿಗೆ ಆಕಾಶದಿಂದಲೇ ಪ್ರಮಾಣಪತ್ರ ತರಿಸಬೇಕಾಯಿತು. ದೇವರೊಬ್ಬನಿಗಲ್ಲದೆ ಬೇರೆ ಯಾರಿಗೂ ತಲೆಬಾಗಬಾರದೆಂದು ಕಲಿಸುವ ಧರ್ಮದ ಹೆಸರಿನಲ್ಲೇ ಮನುಷ್ಯನ ಮುಂದೆ ಹಣೆ ಹಚ್ಚಿಸಿದ್ದು ವಿಪರ್ಯಾಸವಲ್ಲದೆ ಇನ್ನೇನು?

ಇಂಗ್ಲೆಂಡಿನ ಕಥೆ ಇದಕ್ಕಿಂತ ಬೇರೆಯಲ್ಲ. ಮುಂದೆ ಇಂಗ್ಲೆಂಡಿಗೂ ಅರಸನಾದ ಸ್ಕಾಟ್ಲೆಂಡಿನ ದೊರೆ ಜೇಮ್ಸ್ 1598ರಲ್ಲಿ ಸ್ವತಃ ಒಂದು ಪುಸ್ತಕ ಬರೆದು, ಅರಸ ದೇವರಿಗೆ ಮಾತ್ರ ಉತ್ತರಿಸಬೇಕಾದವನೆಂದು ವಾದಿಸಿದ. ಅವನ ಮಗ ಒಂದನೇ ಚಾರ್ಲ್ಸ್ ಅದೇ ನಂಬಿಕೆಯಿಂದ ಸಂಸತ್ತನ್ನು ಎದುರುಹಾಕಿಕೊಂಡ. 1649ರ ಜನವರಿ 30ರಂದು ಲಂಡನ್ನಿನಲ್ಲಿ ಅವನ ತಲೆ ಕಡಿಯಲಾಯಿತು. ರಾಬರ್ಟ್ ಫಿಲ್ಮರ್ ಎಂಬ ಲೇಖಕರು ಆದಮನಿಗೆ ಮಕ್ಕಳ ಮೇಲಿದ್ದ ತಂದೆತನದ ಅಧಿಕಾರವೇ ಅರಸರಿಗೆ ವಂಶಪಾರಂಪರ್ಯವಾಗಿ ಬಂದಿದೆ ಎಂದಿದ್ದರು. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1680ರಲ್ಲಿ, ಆ ಪುಸ್ತಕ ಅಚ್ಚಾಯಿತು. ಆದಮನ ಮಕ್ಕಳೇ ಎಲ್ಲರೂ ಆಗಿದ್ದರೆ ಅವರಲ್ಲಿ ಒಬ್ಬ ಮಾತ್ರ ಅರಸನಾಗಿ ಉಳಿದವರು ಆಳುಗಳಾದದ್ದು ಹೇಗೆ ಎಂಬ ಸರಳ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಹೊಲ ಕಾಯಲು ನೇಮಿಸಿದವನು

ಒಪ್ಪಂದದ ಕಲ್ಪನೆ ಯುರೋಪಿನಲ್ಲಿ ಹುಟ್ಟಿತೆಂಬ ಮಾತು ಪಠ್ಯಪುಸ್ತಕಗಳಲ್ಲಿ ಬೇರೂರಿದೆ. ಆದರೆ ಪಾಲಿ ಭಾಷೆಯ ‘ದೀಘ ನಿಕಾಯ’ದಲ್ಲಿರುವ ‘ಅಗ್ಗಞ್ಞ ಸುತ್ತ’ವನ್ನು ನೋಡಿ. ಅಲ್ಲಿ ಬುದ್ಧರು ವಾಸೆಟ್ಠ ಮತ್ತು ಭಾರದ್ವಾಜ ಎಂಬ, ಬ್ರಾಹ್ಮಣ ಕುಲದಿಂದ ಬಂದ ಇಬ್ಬರಿಗೆ ಒಂದು ಕಥೆ ಹೇಳುತ್ತಾರೆ. ಬ್ರಹ್ಮನ ಮುಖದಿಂದ ಹುಟ್ಟಿದವರು ತಾವೆಂಬ ಬ್ರಾಹ್ಮಣರ ಹೆಮ್ಮೆಗೆ ಕೊಟ್ಟ ಉತ್ತರ ಅದು. ಮೊದಲು ಭತ್ತ ತಾನಾಗಿ ಬೆಳೆಯುತ್ತಿತ್ತು, ಜನ ಅಂದಂದಿಗೆ ಬೇಕಾದಷ್ಟನ್ನೇ ತರುತ್ತಿದ್ದರು. ಒಬ್ಬ ಸೋಮಾರಿ ಎರಡು ಹೊತ್ತಿನದನ್ನು ಒಟ್ಟಿಗೆ ತಂದ. ಅವನನ್ನು ನೋಡಿ ಇನ್ನೊಬ್ಬ ಎರಡು ದಿನದ್ದು, ಮತ್ತೊಬ್ಬ ನಾಲ್ಕು ದಿನದ್ದು ತಂದರು. ಕೂಡಿಡುವುದು ಶುರುವಾದ ಮೇಲೆ ಭತ್ತಕ್ಕೆ ಹೊಟ್ಟು ಬಂತು, ಕೊಯ್ದ ಪೈರು ಮತ್ತೆ ಚಿಗುರಲಿಲ್ಲ. ಆಗ ಹೊಲಕ್ಕೆ ಗಡಿ ಹಾಕಿದರು. ಗಡಿ ಬಂದ ಮೇಲೆ ಕಳ್ಳತನ ಬಂತು. ಕಳ್ಳತನದ ಹಿಂದೆ ಸುಳ್ಳು, ಬೈಗುಳ, ಹೊಡೆತ. ಕೊನೆಗೆ ಜನ ಸೇರಿ ತಮ್ಮಲ್ಲೇ ಯೋಗ್ಯನಾದ ಒಬ್ಬನನ್ನು ಆರಿಸಿ, ತಪ್ಪು ಮಾಡಿದವರನ್ನು ದಂಡಿಸು, ನಿನಗೆ ನಮ್ಮ ಭತ್ತದಲ್ಲಿ ಪಾಲು ಕೊಡುತ್ತೇವೆ ಎಂದರು. ಬಹುಜನರು ಒಪ್ಪಿ ಆರಿಸಿದ್ದರಿಂದ ಅವನು ‘ಮಹಾಸಮ್ಮತ’. ಹೊಲಗಳ ಒಡೆಯನಾದ್ದರಿಂದ ‘ಖತ್ತಿಯ’. ಧರ್ಮದಿಂದ ಜನರನ್ನು ರಂಜಿಸುವುದರಿಂದ ‘ರಾಜ’.

ಈ ಕಥೆಯಲ್ಲಿ ರಾಜ ಆಕಾಶದಿಂದ ಇಳಿದಿಲ್ಲ. ಹೊಲ ಕಾಯಲು ಕೂಲಿಗೆ ನೇಮಕಗೊಂಡಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಗತಿ ಎಂದು ನಮ್ಮ ಹಳ್ಳಿಯ ಜನ ಇಂದಿಗೂ ಕೇಳುತ್ತಾರಲ್ಲ, ಆ ಮಾತಿನ ಹಿಂದಿರುವುದೂ ಇದೇ ತಿಳಿವಳಿಕೆ.

ಮಹಾಭಾರತದ ಶಾಂತಿಪರ್ವದಲ್ಲಿ ಇನ್ನೊಂದು ಕಥೆಯಿದೆ. ಅರಸನಿಲ್ಲದ ಕಾಲದಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವಂತೆ ಜನ ಒಬ್ಬರನ್ನೊಬ್ಬರು ನುಂಗುತ್ತಿದ್ದರು. ಅವರು ಬ್ರಹ್ಮನ ಮೊರೆ ಹೊಕ್ಕರು. ಬ್ರಹ್ಮ ಮನುವನ್ನು ತೋರಿಸಿದ. ಆದರೆ ಮನು ಹಿಂಜರಿದ. ಆಳುವುದು ಕಷ್ಟದ ಕೆಲಸ, ಪಾಪಕ್ಕೆ ಹೆದರುತ್ತೇನೆ ಎಂದ. ಜನ ಧೈರ್ಯ ಹೇಳಿ, ದನ ಮತ್ತು ಚಿನ್ನದಲ್ಲಿ ಐವತ್ತನೇ ಒಂದು ಪಾಲು, ಧಾನ್ಯದಲ್ಲಿ ಹತ್ತನೇ ಒಂದು ಪಾಲು ಕೊಡುತ್ತೇವೆಂದು ಒಪ್ಪಿಸಿದರು. ದೈವಿಕ ಕಥೆ ಮತ್ತು ಒಪ್ಪಂದದ ಕಥೆ ಎರಡೂ ಇಲ್ಲಿ ಹೆಣೆದುಕೊಂಡಿವೆ. ಅದೇ ಪರ್ವದಲ್ಲಿ ವೇನ ಎಂಬ ಅನ್ಯಾಯದ ಅರಸನನ್ನು ಋಷಿಗಳೇ ಕೊಂದ ಕಥೆಯೂ ಇದೆ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲೂ ಈ ಮನುವಿನ ಕಥೆ ಬರುತ್ತದೆ. ಮತ್ಸ್ಯನ್ಯಾಯದಿಂದ ಬೇಸತ್ತ ಜನ ಮನುವನ್ನು ಅರಸನನ್ನಾಗಿ ಮಾಡಿ, ಧಾನ್ಯದಲ್ಲಿ ಆರನೇ ಒಂದು ಪಾಲು, ವ್ಯಾಪಾರದ ಸರಕಿನಲ್ಲಿ ಹತ್ತನೇ ಒಂದು ಪಾಲು ಗೊತ್ತುಮಾಡಿದರು ಎಂದು. ಆದರೆ ಆ ಮಾತನ್ನು ಅಲ್ಲಿ ಹೇಳುವವರು ಯಾರು? ರಾಜನ ಗೂಢಚಾರರು! ತೀರ್ಥಕ್ಷೇತ್ರಗಳಲ್ಲಿ, ಜನ ಸೇರುವ ಸಭೆಗಳಲ್ಲಿ ಇಬ್ಬರು ಗೂಢಚಾರರು ಜಗಳದ ನಾಟಕ ಹೂಡಬೇಕು. ಒಬ್ಬ ರಾಜನನ್ನು ಬೈಯಬೇಕು, ಇನ್ನೊಬ್ಬ ಈ ಕಥೆ ಹೇಳಿ ಅವನ ಬಾಯಿ ಮುಚ್ಚಿಸಬೇಕು. ತೆರಿಗೆ ಕೊಡುವುದು ನಮ್ಮ ಹಿರಿಯರೇ ಒಪ್ಪಿದ ಕರಾರು, ಆದ್ದರಿಂದ ಗೊಣಗಬೇಡಿ ಎಂಬುದು ತಾತ್ಪರ್ಯ. ಬುದ್ಧರ ಬಾಯಲ್ಲಿ ಹುಟ್ಟಿನ ಮೇಲರಿಮೆಯನ್ನು ಮುರಿಯಲು ಬಳಕೆಯಾದಂಥ ಕಥೆಯೇ ಗೂಢಚಾರನ ಬಾಯಲ್ಲಿ ಪ್ರಜೆಯ ಬಾಯಿ ಮುಚ್ಚಿಸುವ ಸಾಧನವಾಯಿತು. ಸಿದ್ಧಾಂತ ಎಷ್ಟೇ ಚೆನ್ನಾಗಿರಲಿ, ಅದನ್ನು ಯಾರ ಪರವಾಗಿ ಹೇಳಲಾಗುತ್ತಿದೆ ಎಂದು ಕೇಳದೆ ಒಪ್ಪಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಬೈಅತ್‌ನಿಂದ ಸಿಂಹಾಸನಕ್ಕೆ

ಇಸ್ಲಾಮೀ ಇತಿಹಾಸದಲ್ಲೂ ಇದೇ ಏರಿಳಿತವನ್ನು ಕಾಣುತ್ತೇವೆ. ಪ್ರವಾದಿ ಮುಹಮ್ಮದ್(ಸ) 622ರಲ್ಲಿ ಮದೀನಾಕ್ಕೆ ಬಂದ ಮೇಲೆ ಅಲ್ಲಿನ ಮುಸ್ಲಿಮ್ ಮತ್ತು ಯಹೂದಿ ಗೋತ್ರಗಳನ್ನು ಒಳಗೊಂಡ ಲಿಖಿತ ಒಡಂಬಡಿಕೆ ಆಯಿತು. ನಗರದ ರಕ್ಷಣೆ ಎಲ್ಲರ ಹೊಣೆ, ಯಹೂದಿಗಳಿಗೆ ಅವರ ಧರ್ಮ, ಮುಸ್ಲಿಮರಿಗೆ ಅವರ ಧರ್ಮ ಎಂಬುದು ಅದರಲ್ಲಿ ಸೇರಿತ್ತು. 632ರಲ್ಲಿ ಪ್ರವಾದಿಯವರ ನಿಧನದ ನಂತರ ಹಝ್ರತ್ ಅಬೂಬಕರ್(ರ) ಬೈಅತ್ ಮೂಲಕ, ಅಂದರೆ ಜನ ಕೈಗೆ ಕೈಯಿಟ್ಟು ನಿಷ್ಠೆ ಒಪ್ಪಿಸಿದ್ದರಿಂದ, ಖಲೀಫರಾದರು. ತಾನು ನಿಮ್ಮೆಲ್ಲರಿಗಿಂತ ಉತ್ತಮನೇನಲ್ಲ, ಸರಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂಬುದು ಅವರ ಮೊದಲ ಭಾಷಣದ ಸಾರವೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಅರ್ಧ ಶತಮಾನ ಕಳೆಯುವುದರೊಳಗೆ ಮುಆವಿಯಾ ತನ್ನ ಮಗ ಯಝೀದನನ್ನು ಉತ್ತರಾಧಿಕಾರಿಯಾಗಿ ಮಾಡಿದ್ದರು. ಬೈಅತ್‌ನ ಹೆಸರು ಉಳಿಯಿತು, ಅದರ ತಿರುಳು ಹೋಯಿತು. 680ರಲ್ಲಿ ಕರ್ಬಲಾ ನಡೆದದ್ದು ಬಲವಂತದ ಬೈಅತ್ತನ್ನು ಇಮಾಮ್ ಹುಸೈನ್(ರ) ನಿರಾಕರಿಸಿದ್ದಕ್ಕೆ ಎಂಬುದನ್ನು ಮರೆಯಬಾರದು.

ಹನ್ನೊಂದನೇ ಶತಮಾನದಲ್ಲಿ ಬಗ್ದಾದಿನ ಅಲ್ ಮಾವರ್ದೀ ಖಿಲಾಫತ್ತನ್ನು ಒಂದು ಕರಾರು ಎಂದೇ ವಿವರಿಸಿದರು. ಆರಿಸುವವರಿಗೂ ಆರಿಸಲ್ಪಡುವವನಿಗೂ ಅರ್ಹತೆಗಳನ್ನು ಪಟ್ಟಿಮಾಡಿದರು. ಆದರೆ ಅವರ ಕಾಲದ ಖಲೀಫನ ಕೈಯಲ್ಲಿ ನಿಜವಾದ ಅಧಿಕಾರವೇ ಇರಲಿಲ್ಲ, ಅದು ಬುವೈಹಿ ಸೇನಾಧಿಪತಿಗಳ ಕೈಯಲ್ಲಿತ್ತು. ಅಕ್ಬರನ ಆಸ್ಥಾನದ ಅಬುಲ್ ಫಝಲ್ ಇನ್ನೂ ಜಾಣರು. ಅವರು ಎರಡೂ ಕಥೆಗಳನ್ನು ಒಟ್ಟಿಗೆ ಇಟ್ಟರು. ಅರಸನಲ್ಲಿರುವುದು ದೇವರಿಂದ ಬಂದ ಬೆಳಕು ಎಂದರು. ಜೊತೆಗೆ, ಅರಸ ಪ್ರಜೆಗಳ ಪ್ರಾಣ, ಆಸ್ತಿ, ಮಾನ, ಧರ್ಮ ಈ ನಾಲ್ಕನ್ನು ಕಾಯುತ್ತಾನೆ, ಅದಕ್ಕೆ ಪ್ರತಿಯಾಗಿ ವಿಧೇಯತೆ ಮತ್ತು ಬೆಳೆಯಲ್ಲಿ ಪಾಲು ಕೇಳುತ್ತಾನೆ ಎಂದೂ ಬರೆದರು. ಅಕ್ಬರ್ ಎಲ್ಲ ಮತಗಳ ಪ್ರಜೆಗಳ ಅರಸನಾಗಲು ಹೊರಟಿದ್ದರಿಂದ, ಒಂದೇ ಮತದ ಆಧಾರದ ಮೇಲೆ ನಿಂತ ಸಿದ್ಧಾಂತ ಅವನಿಗೆ ಸಾಲುತ್ತಿರಲಿಲ್ಲ.

ಒಪ್ಪಂದಕ್ಕೆ ಕುಳಿತವರು

ಯುರೋಪಿನ ಒಪ್ಪಂದ ಸಿದ್ಧಾಂತ ಹುಟ್ಟಿದ್ದು ಅಂತರ್ಯುದ್ಧದ ಹೊಗೆಯಲ್ಲಿ. ಥಾಮಸ್ ಹಾಬ್ಸ್ 1588ರಲ್ಲಿ, ಸ್ಪೇನಿನ ನೌಕಾಪಡೆ ಇಂಗ್ಲೆಂಡಿನ ಮೇಲೆ ಬರುತ್ತಿದೆಯೆಂಬ ಭೀತಿಯ ವರ್ಷದಲ್ಲಿ ಹುಟ್ಟಿದವರು. ತನ್ನ ತಾಯಿ ಅವಳಿಗಳನ್ನು ಹೆತ್ತಳು, ಒಬ್ಬ ತಾನು, ಇನ್ನೊಂದು ಭಯ ಎಂದು ಅವರೇ ಹೇಳಿಕೊಂಡಿದ್ದಾರೆ. ಅಂತರ್ಯುದ್ಧದ ಕಾಲವನ್ನು ಅವರು ಪ್ಯಾರಿಸಿನಲ್ಲಿ ಕಳೆದರು. 1651ರಲ್ಲಿ ಬಂದ ಅವರ ‘ಲೆವಿಯಥಾನ್’ ಪುಸ್ತಕದ ಮುಖಚಿತ್ರದಲ್ಲಿ ಒಬ್ಬ ಬೃಹತ್ ಅರಸನಿದ್ದಾನೆ. ಹತ್ತಿರದಿಂದ ನೋಡಿದರೆ ಅವನ ಮೈಯೆಲ್ಲ ನೂರಾರು ಪುಟ್ಟ ಮನುಷ್ಯರಿಂದಲೇ ಆದದ್ದು. ಎಲ್ಲರೂ ಎಲ್ಲರ ಮೇಲೆ ಯುದ್ಧ ಮಾಡುವ ಸ್ಥಿತಿಯಿಂದ ಪಾರಾಗಲು ಜನ ತಮ್ಮ ಹಕ್ಕನ್ನು ಒಬ್ಬನಿಗೆ ಒಪ್ಪಿಸಿದರು, ಇನ್ನು ಸುಲಭಕ್ಕೆ ಹಿಂದಕ್ಕೆ ಕೇಳುವಂತಿಲ್ಲ ಎಂಬುದು ಹಾಬ್ಸ್ ವಾದ. ನಮ್ಮ ಮತ್ಸ್ಯನ್ಯಾಯದ ಕಥೆಗೆ ಇದು ತೀರಾ ಹತ್ತಿರ.

ಜಾನ್ ಲಾಕ್ 1689ರಲ್ಲಿ ಪ್ರಕಟಿಸಿದ ಗ್ರಂಥ ಫಿಲ್ಮರ್ ವಾದವನ್ನು ಪುಡಿಮಾಡಿ, ಹಾಬ್ಸ್ ಹಾದಿಯನ್ನೂ ಬಿಟ್ಟಿತು. ಜನ ಅಧಿಕಾರವನ್ನು ಒಪ್ಪಿಸಿದ್ದು ಮಾರಾಟವಾಗಿ ಅಲ್ಲ, ನಂಬಿಕೆಯ ಠೇವಣಿಯಾಗಿ. ನಂಬಿಕೆ ಮುರಿದರೆ ಠೇವಣಿ ಜನರಿಗೇ ಮರಳುತ್ತದೆ. ರೂಸೋ 1755ರಲ್ಲಿ ಬರೆದ ಅಸಮಾನತೆಯ ಮೇಲಿನ ಪ್ರಬಂಧದಲ್ಲಿ ಇನ್ನೂ ಕಹಿಯಾದ ಮಾತು ಹೇಳಿದರು. ಮೊದಲ ಒಪ್ಪಂದವೆಂಬುದು ಭೂಮಿ ಇದ್ದ ಶ್ರೀಮಂತರು ಇಲ್ಲದ ಬಡವರಿಗೆ ಹಾಕಿದ ಟೋಪಿ. 1762ರ ‘ಸಾಮಾಜಿಕ ಒಪ್ಪಂದ’ದಲ್ಲಿ ಅವರು ಹಾಗಲ್ಲದ, ಸಾಚಾ ಒಪ್ಪಂದ ಹೇಗಿರಬೇಕೆಂದು ಹುಡುಕಿದರು.

ಈ ಮೂವರೂ ಕೇಳದ ಪ್ರಶ್ನೆಯೊಂದಿದೆ. ಒಪ್ಪಂದಕ್ಕೆ ಕುಳಿತವರು ಯಾರು? 1988ರಲ್ಲಿ ಕ್ಯಾರೊಲ್ ಪೇಟ್‌ಮನ್ ಎಂಬ ಚಿಂತಕಿ, ಆ ಒಪ್ಪಂದದಲ್ಲಿ ಸಹಿ ಹಾಕಿದವರು ಗಂಡಸರು ಮಾತ್ರ, ಹೆಣ್ಣು ಒಪ್ಪಂದದ ಪಾಲುದಾರಳಲ್ಲ, ಒಪ್ಪಂದದ ವಸ್ತು ಎಂದು ತೋರಿಸಿದರು. 1997ರಲ್ಲಿ ಚಾರ್ಲ್ಸ್ ಮಿಲ್ಸ್ ಇದನ್ನೇ ಬಿಳಿಯರ ಒಪ್ಪಂದವೆಂದು ಕರೆದರು. ಸ್ವಾತಂತ್ರ್ಯದ ತತ್ವಜ್ಞಾನಿ ಲಾಕ್ ಆಫ್ರಿಕನ್ ಗುಲಾಮರ ವ್ಯಾಪಾರ ನಡೆಸುತ್ತಿದ್ದ ಕಂಪನಿಯಲ್ಲಿ ಷೇರು ಹೊಂದಿದ್ದರೆಂಬುದು ದಾಖಲಾದ ಸತ್ಯ. ಎಲ್ಲರ ಹೆಸರಿನಲ್ಲಿ ಕೆಲವರು ಮಾಡಿಕೊಂಡ ಕರಾರಿಗೆ ಹೊರಗುಳಿದವರು ಯಾಕೆ ಬದ್ಧರಾಗಬೇಕು?

ಕತ್ತಿ ಮತ್ತು ಒಗ್ಗಟ್ಟು

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1748ರಲ್ಲಿ ಒಪ್ಪಂದ ಸಿದ್ಧಾಂತದ ಬುಡಕ್ಕೇ ಕೊಡಲಿ ಹಾಕಿದರು. ಇತಿಹಾಸ ಬಲ್ಲ ಸರಕಾರಗಳಲ್ಲಿ ಬಹುಪಾಲು ಎಲ್ಲವೂ ಆಕ್ರಮಣದಿಂದಲೋ ಕಬಳಿಕೆಯಿಂದಲೋ ಬಂದವು, ಜನರ ಒಪ್ಪಿಗೆ ಯಾರು ಕೇಳಿದ್ದರು ಎಂದು ಅವರ ಪ್ರಶ್ನೆ.

ನಮ್ಮ ನೆಲದ ಒಂದು ಸಾಕ್ಷಿ ನೋಡೋಣ. ಶಿಕಾರಿಪುರ ತಾಲೂಕಿನ ತಾಳಗುಂದದ ಐದನೇ ಶತಮಾನದ ಸ್ತಂಭ ಶಾಸನ ಕದಂಬ ರಾಜ್ಯದ ಹುಟ್ಟನ್ನು ಬಣ್ಣಿಸುತ್ತದೆ. ವೇದ ಕಲಿಯಲು ಕಂಚಿಗೆ ಹೋದ ಮಯೂರಶರ್ಮನಿಗೆ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು. ಅವಮಾನ ನುಂಗಲಾರದೆ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ಪಲ್ಲವರ ಗಡಿಕಾವಲನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರಿದ. ಬೃಹದ್ಬಾಣರಿಂದ ಕಪ್ಪ ಕಿತ್ತ. ಕೊನೆಗೆ ಪಲ್ಲವರೇ ರಾಜಿಮಾಡಿಕೊಂಡು ಅವನಿಗೆ ನಾಡು ಬಿಟ್ಟುಕೊಟ್ಟರು. ಇಲ್ಲಿ ಹೊಲ ಕಾಯಲು ಯಾರೂ ಯಾರನ್ನೂ ನೇಮಿಸಲಿಲ್ಲ. ಕಾಡಿನಲ್ಲಿ ಕಾಲೂರಿ ಕಪ್ಪ ವಸೂಲಿ ಮಾಡಿದವನೇ ಅರಸನಾದ.

ಆದರೆ ಕತ್ತಿಯೊಂದೇ ಸಾಕೇ? ಇಲ್ಲಿ ನಾವು ಆ ಕೋಟೆಯ ವಿದ್ವಾಂಸರ ಬಳಿಗೆ ಮರಳಬೇಕು. ಇಬ್ನ್ ಖಲ್ದೂನ್ ಆರಂಭಿಸುವುದು ಒಂದು ದಿನದ ರೊಟ್ಟಿಯಿಂದ. ಒಬ್ಬ ಮನುಷ್ಯ ಒಂದು ದಿನದ ಗೋಧಿಯನ್ನು ಸಹ ಒಬ್ಬನೇ ಆಹಾರವಾಗಿ ಮಾಡಿಕೊಳ್ಳಲಾರ. ಬೀಸಬೇಕು, ನಾದಬೇಕು, ಸುಡಬೇಕು. ಅದಕ್ಕೆ ಬೇಕಾದ ಸಲಕರಣೆಗೆ ಕಮ್ಮಾರ, ಬಡಗಿ, ಕುಂಬಾರ ಬೇಕು. ಹಾಗಾಗಿ ಮನುಷ್ಯರು ಕೂಡಿ ಬಾಳಲೇಬೇಕು. ಕೂಡಿ ಬಾಳಿದಲ್ಲಿ ಒಬ್ಬನ ಮೇಲೊಬ್ಬ ಎರಗುವ ಸ್ವಭಾವವೂ ಇರುತ್ತದೆ. ಅದನ್ನು ತಡೆಯುವವನೊಬ್ಬ ಬೇಕು. ಆ ತಡೆಯುವವನೇ ಪ್ರಭುತ್ವದ ಬೀಜ.

ಆ ಬೀಜ ಮೊಳೆಯುವುದು ‘ಅಸಬಿಯ್ಯ’ದಿಂದ. ರಕ್ತಸಂಬಂಧ, ಆಶ್ರಯ, ಒಟ್ಟಿಗೆ ಪಟ್ಟ ಕಷ್ಟ ಇವುಗಳಿಂದ ಬೆಳೆಯುವ, ಒಬ್ಬರಿಗೊಬ್ಬರು ಪ್ರಾಣ ಕೊಡಬಲ್ಲ ಒಗ್ಗಟ್ಟು ಅದು. ಮರುಭೂಮಿಯ, ಬೆಟ್ಟಗಾಡಿನ ಬಡ ಗೋತ್ರಗಳಲ್ಲಿ ಅದು ಗಟ್ಟಿಯಾಗಿರುತ್ತದೆ. ಆ ಬಲದಿಂದ ಅವರು ನಗರವನ್ನು ಗೆಲ್ಲುತ್ತಾರೆ, ರಾಜ್ಯ ಕಟ್ಟುತ್ತಾರೆ. ಗೆದ್ದ ಮೇಲೆ ಅರಸ ತನ್ನ ಬಂಧುಗಳನ್ನೇ ದೂರ ಮಾಡಿ ಕೂಲಿ ಸೈನಿಕರನ್ನು ನಂಬುತ್ತಾನೆ. ಭೋಗ ಬರುತ್ತದೆ, ಖರ್ಚು ಏರುತ್ತದೆ, ತೆರಿಗೆ ಹೆಚ್ಚುತ್ತದೆ. ರಾಜ್ಯದ ಆರಂಭದಲ್ಲಿ ಕಡಿಮೆ ತೆರಿಗೆಯಿಂದ ಹೆಚ್ಚು ಆದಾಯ ಬರುತ್ತದೆ, ಕೊನೆಗಾಲದಲ್ಲಿ ಹೆಚ್ಚು ತೆರಿಗೆಯಿಂದ ಕಡಿಮೆ ಆದಾಯ ಬರುತ್ತದೆ ಎಂಬ ಅವರ ಮಾತನ್ನು ಇಪ್ಪತ್ತನೇ ಶತಮಾನದ ಅರ್ಥಶಾಸ್ತ್ರಜ್ಞರೂ ನೆನೆದರು. ಒಂದು ರಾಜವಂಶದ ಆಯಸ್ಸು ಸಾಮಾನ್ಯವಾಗಿ ಮೂರು ತಲೆಮಾರು, ತಲೆಮಾರಿಗೆ 40ರಂತೆ 120 ವರ್ಷ ಎಂದು ಅವರು ಲೆಕ್ಕ ಹಾಕಿದರು. ಆಮೇಲೆ ಹೊರಗಿನಿಂದ ಇನ್ನೊಂದು ಹಸಿದ ಗೋತ್ರ ಬರುತ್ತದೆ.

ಅವರ ಎರಡು ಮಾತುಗಳು ಇಂದಿಗೂ ತೂಕದವು. ಒಂದು, ಪ್ರವಾದಿತ್ವವಿಲ್ಲದೆ ಮನುಷ್ಯ ಸಮಾಜದಲ್ಲಿ ಆಡಳಿತ ಸಾಧ್ಯವೇ ಇಲ್ಲ ಎಂದ ದಾರ್ಶನಿಕರ ವಾದವನ್ನು ಅವರು ಒಪ್ಪಲಿಲ್ಲ. ದೇವಗ್ರಂಥವಿಲ್ಲದ ಜನಾಂಗಗಳೂ ರಾಜ್ಯ ಕಟ್ಟಿ ಬಾಳಿವೆಯಲ್ಲ ಎಂದು ಇತಿಹಾಸವನ್ನೇ ಮುಂದಿಟ್ಟರು. ಸ್ವತಃ ಮಾಲಿಕೀ ಪಂಥದ ಖಾಝಿಯಾದ ಧರ್ಮಶ್ರದ್ಧೆಯ ವಿದ್ವಾಂಸ ಹೇಳಿದ ಮಾತಿದು. ಧರ್ಮದ ಬೆಲೆ ಅವರಿಗೆ ಗೊತ್ತಿತ್ತು, ಆದರೆ ಸಿಂಹಾಸನಕ್ಕೆಲ್ಲ ಅದರ ಮುದ್ರೆ ಒತ್ತಲು ಅವರು ಸಿದ್ಧರಿರಲಿಲ್ಲ. ಎರಡು, ಅನ್ಯಾಯ ನಾಗರಿಕತೆಯನ್ನು ಹಾಳುಗೆಡವುತ್ತದೆ ಎಂದರು. ಅನ್ಯಾಯವೆಂದರೆ ಬರೀ ಆಸ್ತಿ ಕಿತ್ತುಕೊಳ್ಳುವುದಲ್ಲ. ಬಿಟ್ಟಿ ದುಡಿಸುವುದು, ಹಕ್ಕಿಲ್ಲದ ತೆರಿಗೆ ಹೇರುವುದು, ಸಲ್ಲಬೇಕಾದ ಹಕ್ಕನ್ನು ನಿರಾಕರಿಸುವುದು ಎಲ್ಲವೂ ಅನ್ಯಾಯವೇ.

ಅವರ ಮಿತಿಗಳನ್ನೂ ಹೇಳಬೇಕು. ಅವರ ಸೂತ್ರ ಉತ್ತರ ಆಫ್ರಿಕಕ್ಕೆ ಹೊಂದಿದಷ್ಟು ಈಜಿಪ್ಟಿಗೋ ಚೀನಾಕ್ಕೋ ಹೊಂದುವುದಿಲ್ಲ. ಕರಿಯ ಜನರ ಬಗ್ಗೆ ಅವರು ಬರೆದ ಕೆಲವು ಮಾತುಗಳು ಅಂದಿನ ಪೂರ್ವಗ್ರಹದಿಂದ ಹೊರತಾಗಿಲ್ಲ. ಇಷ್ಟಾಗಿಯೂ ರಾಜ್ಯದ ಹುಟ್ಟನ್ನು ಪುರಾಣದಿಂದ ಬಿಡಿಸಿ ಸಮಾಜದ ನಡೆಯಲ್ಲಿ ಹುಡುಕಿದ ಮೊದಲಿಗರಲ್ಲಿ ಅವರು ಒಬ್ಬರು. 1401ರಲ್ಲಿ, ತೈಮೂರ್ ಡಮಾಸ್ಕಸ್ ನಗರವನ್ನು ಮುತ್ತಿದ್ದಾಗ, ಸುಮಾರು ಎಪ್ಪತ್ತರ ಈ ವೃದ್ಧರು ಕೋಟೆಗೋಡೆಯಿಂದ ಹಗ್ಗದಲ್ಲಿ ಇಳಿದು ಅವನನ್ನು ಕಂಡರು. ತಮ್ಮ ಸಿದ್ಧಾಂತದ ಜೀವಂತ ರೂಪ ಗುಡಾರದಲ್ಲಿ ಕುಳಿತಿದ್ದನ್ನು ಕಣ್ಣಾರೆ ಕಂಡಂತಾಯಿತು. 1406ರಲ್ಲಿ ಕೈರೋದಲ್ಲಿ ಅವರು ತೀರಿಕೊಂಡರು.

ಮಣ್ಣಿನಡಿಯ ಸಾಕ್ಷಿ

ಹತ್ತೊಂಬತ್ತನೇ ಶತಮಾನದಿಂದೀಚೆಗೆ ಈ ಪ್ರಶ್ನೆ ತತ್ವಜ್ಞಾನಿಗಳ ಕೈಯಿಂದ ಮಾನವಶಾಸ್ತ್ರಜ್ಞರ, ಪುರಾತತ್ವಜ್ಞರ ಕೈಗೆ ಬಂತು. ಎಂಗೆಲ್ಸ್ 1884ರಲ್ಲಿ, ಅಮೆರಿಕದ ಮೂಲನಿವಾಸಿಗಳ ಬಗ್ಗೆ ಮಾರ್ಗನ್ ಮಾಡಿದ ಅಧ್ಯಯನವನ್ನು ಆಧರಿಸಿ, ಖಾಸಗಿ ಆಸ್ತಿ ಮತ್ತು ವರ್ಗಗಳು ಬಂದ ಮೇಲೆಯೇ ಪ್ರಭುತ್ವ ಬಂತು, ಅದು ಉಳ್ಳವರ ಕೈಯ ಉಪಕರಣ ಎಂದರು. ಕಾರ್ಲ್ ವಿಟ್‌ಫೋಗೆಲ್ 1957ರಲ್ಲಿ ದೊಡ್ಡ ನೀರಾವರಿಯ ನಿರ್ವಹಣೆಗಾಗಿ ನಿರಂಕುಶ ರಾಜ್ಯಗಳು ಹುಟ್ಟಿದವೆಂದರು. ಆದರೆ ಮೆಸೊಪೊಟೇಮಿಯಾದಲ್ಲಿ ರಾಜ್ಯ ಮೊದಲು ಬಂದು ದೊಡ್ಡ ಕಾಲುವೆಗಳು ಆಮೇಲೆ ಬಂದವೆಂದು ಉತ್ಖನನಗಳು ತೋರಿಸಿದವು. ರಾಬರ್ಟ್ ಕಾರ್ನೀರೊ 1970ರಲ್ಲಿ ಇನ್ನೊಂದು ಕಾರಣ ಕೊಟ್ಟರು. ಸುತ್ತ ಮರುಭೂಮಿ ಅಥವಾ ಬೆಟ್ಟವಿರುವ ಕಿರಿದಾದ ಕಣಿವೆಯಲ್ಲಿ ಸೋತವರಿಗೆ ಓಡಿಹೋಗಲು ಜಾಗವಿಲ್ಲ. ಪೆರುವಿನ ಕರಾವಳಿ ಕಣಿವೆಗಳಲ್ಲಿ ಹಾಗೇ ಆಯಿತು. ಓಡಲಾರದವನೇ ಪ್ರಜೆಯಾದ.

ಉರುಕ್ ನಗರದಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಳೆಯದಾದ ಮಣ್ಣಿನ ಫಲಕಗಳಲ್ಲಿ ಹೆಚ್ಚಿನವು ಕಾವ್ಯವಲ್ಲ, ಪ್ರಾರ್ಥನೆಯೂ ಅಲ್ಲ. ಬಾರ್ಲಿ ಎಷ್ಟು ಬಂತು, ಯಾರಿಗೆ ಎಷ್ಟು ಪಡಿ ಕೊಟ್ಟದ್ದು ಎಂಬ ಲೆಕ್ಕ. ಬರಹ ಅಲ್ಲಿ ಗುಮಾಸ್ತನ ಕೈಯಲ್ಲಿ ಹುಟ್ಟಿತು. ಜೇಮ್ಸ್ ಸ್ಕಾಟ್ 2017ರಲ್ಲಿ ಹೇಳಿದಂತೆ, ಆರಂಭದ ರಾಜ್ಯಗಳು ಧಾನ್ಯದ ಮೇಲೆ ನಿಂತವು. ಧಾನ್ಯ ಒಂದೇ ಕಾಲಕ್ಕೆ ಮಾಗುತ್ತದೆ, ಕಣ್ಣಿಗೆ ಕಾಣುತ್ತದೆ, ಅಳೆಯಬಹುದು, ಒಯ್ಯಬಹುದು. ನೆಲದೊಳಗಿನ ಗೆಣಸಿಗೆ ತೆರಿಗೆ ಹಾಕುವುದು ಕಷ್ಟ.

ಇನ್ನೊಂದು ಕಡೆ, ಸಿಂಧೂ ಕಣಿವೆಯ ನಗರಗಳಲ್ಲಿ ಅಚ್ಚುಕಟ್ಟಾದ ಬೀದಿ, ಚರಂಡಿ, ಏಕರೂಪದ ತೂಕದ ಕಲ್ಲು ಎಲ್ಲ ಸಿಕ್ಕವು, ಆದರೆ ಖಚಿತವಾಗಿ ಅರಮನೆ ಎನ್ನಬಹುದಾದ ಕಟ್ಟಡ ಸಿಗಲಿಲ್ಲ. ಸುಡಾನಿನ ನುಯೆರ್ ಜನರ ಬಗ್ಗೆ ಇವಾನ್ಸ್ ಪ್ರಿಚರ್ಡ್ 1940ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರಸನಾಗಲಿ ಪೊಲೀಸರಾಗಲಿ ಇಲ್ಲದೆ ಲಕ್ಷಾಂತರ ಜನ ಬಾಳುತ್ತಿದ್ದರು. ಕೊಲೆಯ ಜಗಳಗಳನ್ನು ಚಿರತೆ ಚರ್ಮ ಹೊದ್ದ ಮಧ್ಯಸ್ಥ ತೀರ್ಮಾನ ಮಾಡುತ್ತಿದ್ದ, ಆದರೆ ತೀರ್ಮಾನ ಹೇರುವ ಬಲ ಅವನಿಗಿರಲಿಲ್ಲ. ಅಂದರೆ ಅರಸನಿಲ್ಲದಲ್ಲೆಲ್ಲ ಮತ್ಸ್ಯನ್ಯಾಯವೇ ಇತ್ತೆಂಬುದು ಅರಸರ ಕಡೆಯವರು ಹೇಳಿದ ಮಾತು.

ಒಂದು ಮತದಾನ

ಹಾಗಾದರೆ ಯಾವುದು ಸರಿ? ಪ್ರಭುತ್ವ ನಿಜವಾಗಿ ಹುಟ್ಟಿದ್ದು ಹೇಗೆಂದು ಕೇಳಿದರೆ ಧಾನ್ಯ, ಕತ್ತಿ, ಒಗ್ಗಟ್ಟು, ಭಯ, ನಂಬಿಕೆ ಎಲ್ಲವೂ ಬೇರೆ ಬೇರೆ ಪ್ರಮಾಣದಲ್ಲಿ ಕೂಡಿದ್ದವು ಎನ್ನಬೇಕು. ಒಪ್ಪಂದ ಇತಿಹಾಸದಲ್ಲಿ ಬಹುಮಟ್ಟಿಗೆ ನಡೆಯಲೇ ಇಲ್ಲ. ಆದರೆ ಪ್ರಭುತ್ವ ಯಾವ ಹಕ್ಕಿನಿಂದ ನಿಂತಿದೆ ಎಂದು ಕೇಳಿದರೆ ಒಪ್ಪಂದದ ಹೊರತು ಮರ್ಯಾದೆಯ ಉತ್ತರ ಬೇರೆ ಇಲ್ಲ. ಒಪ್ಪಂದ ನಡೆದುಹೋದ ಘಟನೆಯಲ್ಲ, ಅದು ಅಳತೆಗೋಲು. ಪ್ರಭುತ್ವ ಮಾಡುವ ಒಂದೊಂದು ಕೆಲಸವನ್ನೂ ಜನ ಒಪ್ಪಬಲ್ಲರೇ ಎಂದು ಅಳೆದು ನೋಡಲು ಅದು ಬೇಕು.

ನಮ್ಮ ದೇಶದ ಮಟ್ಟಿಗೆ ಈ ಪ್ರಶ್ನೆ ಒಮ್ಮೆ ನಿಜವಾಗಿಯೇ ಮತಕ್ಕೆ ಬಂದಿತ್ತು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆ ಪ್ರಸ್ತಾವನೆಯನ್ನು ಚರ್ಚಿಸುತ್ತಿತ್ತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು, ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಲಿ ಎಂದು ತಿದ್ದುಪಡಿ ತಂದರು. ತಾನು ಪ್ರಾಮಾಣಿಕ ಆಸ್ತಿಕನೆಂಬುದರಲ್ಲಿ ಕಾಮತರಿಗೆ ಸಂಶಯವಿರಲಿಲ್ಲ. ಆದರೆ ಅದು ನಂಬಿಕೆಯ ವಿಷಯದಲ್ಲಿ ಬಲವಂತವಾಗುತ್ತದೆ ಎಂದು ಥಾಣು ಪಿಳ್ಳೆ ಆಕ್ಷೇಪಿಸಿದರು. ದೇವರ ಮೇಲೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತರು ಪಟ್ಟು ಬಿಡಲಿಲ್ಲ. ಪರವಾಗಿ 41, ವಿರುದ್ಧ 68 ಮತಗಳು ಬಂದವು. ಪ್ರಸ್ತಾವನೆ ಜನರ ಹೆಸರಿನಿಂದಲೇ ಆರಂಭವಾಯಿತು. ವಿರುದ್ಧ ಮತ ಹಾಕಿದ 68 ಮಂದಿ ನಾಸ್ತಿಕರೆಂದು ಯಾರೂ ಹೇಳಲಾರರು. ದೇವರನ್ನು ಆರಾಧಿಸುವುದು ಬೇರೆ, ಪ್ರಭುತ್ವಕ್ಕೆ ದೇವರ ಅಂಗಿ ತೊಡಿಸುವುದು ಬೇರೆ ಎಂಬ ವಿವೇಕ ಅವರಿಗಿತ್ತು.

ಆ ಸಭೆಯೂ ಪರಿಪೂರ್ಣವಾಗಿರಲಿಲ್ಲ. ಸದಸ್ಯರನ್ನು ಆರಿಸಿದ್ದು ವಯಸ್ಕ ಮತದಾನದಿಂದಲ್ಲ. ಮಹಿಳೆಯರು ಬೆರಳೆಣಿಕೆಯಷ್ಟಿದ್ದರು. ಆದರೂ ಅವರು ಇಟ್ಟ ಕ್ರಮ ಸರಿಯಾಗಿತ್ತು. ಮೊದಲು ಜನ, ಆಮೇಲೆ ಪ್ರಭುತ್ವ. ಜನರೇ ಪ್ರಭುತ್ವಕ್ಕೆ ಗುರುತಿನ ಚೀಟಿ ಕೊಟ್ಟವರು. ಇದು ತಲೆಕೆಳಗಾಗಿ, ಪ್ರಭುತ್ವವೇ ಜನರನ್ನು ಸಾಲಿನಲ್ಲಿ ನಿಲ್ಲಿಸಿ ನೀವು ಯಾರು, ನಿಮ್ಮ ಅಜ್ಜ ಯಾರು, ಕಾಗದ ಎಲ್ಲಿ ಎಂದು ಕೇಳುವಾಗ, ಒಂದು ಸಮುದಾಯವನ್ನು ಹೆಚ್ಚು ನಂಬಿ ಇನ್ನೊಂದನ್ನು ಕಡಿಮೆ ನಂಬುವಾಗ, ಬಲ್ಬನನ ದರ್ಬಾರು ಬೇರೆ ವೇಷದಲ್ಲಿ ಮರಳಿ ಬರುತ್ತಿದೆಯೆಂದು ತಿಳಿಯಬೇಕು. ಆಗ ಮಹಾಸಮ್ಮತನ ಕಥೆಯನ್ನು ಹೇಳುವ ಸರದಿ ಗೂಢಚಾರನದಲ್ಲ, ನಮ್ಮದು.